ಐಪಿ ಫಾರ್ವರ್ಡಿಂಗ್ (ಒಂದು ನೆಟ್‌ವರ್ಕಿನ ಪ್ಯಾಕೆಟ್ ಇನ್ನೊಂದಕ್ಕ ದಾಟಸೋದು) ಆನ್ ಅದ, ಆದ್ರೂ ಆಫೀಸಿನಿಂದ ಗೋಡೌನ್ ಕಾಟಾ ಪಿಸಿಗೆ ಪಿಂಗ್ ಹೋಗವಲ್ದು. ಏನು ನೋಡಬೇಕು?

ದಾಲ್‌ಮಿಲ್_ಪಿಸಿ (ಕಲಬುರಗಿ)
ಶರಣ್ರಿ ಎಲ್ಲರಿಗೂ. ಹುಮನಾಬಾದ್ ರೋಡ್ ಕಡೆ ಒಂದು ದಾಲ್ ಮಿಲ್. ಆಫೀಸು ಒಂದು ಕಡೆ, ಗೋಡೌನು ಮತ್ತ ತೂಕದ ಕಾಟಾ ಇನ್ನೊಂದು ಕಡೆ. ನಡುವ ವೈರ್‌ಲೆಸ್ ಲಿಂಕ್ ಅದ, ಅದು ಬರೋಬ್ಬರಿ ನಡೀತದ. ನೆಟ್‌ವರ್ಕ್ ಹಿಂಗ ಅದಾವ:

ಆಫೀಸು 192.168.1.0/24. ಇಂಟರ್ನೆಟ್ ರೂಟರ್ 192.168.1.1, ಅಕೌಂಟ್ಸ್ ಪಿಸಿ 192.168.1.35 (ವಿಂಡೋಸ್).
ಗೋಡೌನು 192.168.20.0/24. ಕಾಟಾ ಪಿಸಿ 192.168.20.10 (ವಿಂಡೋಸ್), ಕ್ಯಾಮೆರಾದ ಎನ್‌ವಿಆರ್ (ರೆಕಾರ್ಡ್ ಮಾಡೋ ಪೆಟ್ಟಿಗಿ) 192.168.20.50.
ನಡುವ ಎರಡು ಪೋರ್ಟಿನ ಮಿನಿ ಪಿಸಿ, ಡೆಬಿಯನ್ ಲಿನಕ್ಸ್. ಈಥ್0 = 192.168.1.2, ಈಥ್1 = 192.168.20.1.

ಮಿನಿ ಪಿಸಿಯಿಂದ ಎರಡೂ ಕಡೆ ಪಿಂಗ್ ಹೋಗ್ತದ. ಆದ್ರ 192.168.1.35ರಿಂದ 192.168.20.10ಕ್ಕ ಹೊಡದ್ರ ಟೈಮ್ಡ್ ಔಟ್. /ಪ್ರಾಕ್/ಸಿಸ್/ನೆಟ್/ಐಪಿವಿ4/ಐಪಿ_ಫಾರ್ವರ್ಡ್ ಒಳಗ 1 ಅಂತ ಎಕೋ ಮಾಡೀನಿ. ಕರೆಂಟ್ ಹೋಗಿ ಬಂದ್ರ ಅದೂ 0 ಆಗ್ತದ. ಇನ್ನೇನು ಉಳಿದದ?

ಫರ್ಸಿ_ಕಲ್ಲು (ಶಹಾಬಾದ್)
ಅಕೌಂಟ್ಸ್ ಪಿಸಿ ಗೇಟ್‌ವೇ (ಬ್ಯಾರೆ ನೆಟ್‌ವರ್ಕಿಗೆ ಹೋಗೋ ಪ್ಯಾಕೆಟ್ ಕೊಡೋ ವಿಳಾಸ) ಏನದ? ಕಾಟಾ ಪಿಸಿ ಗೇಟ್‌ವೇ ಏನದ? ಎನ್‌ವಿಆರ್ ಗೇಟ್‌ವೇ ಏನದ? ಮೂರೂ ಹೇಳ್ರಿ ಮೊದಲ.

ದಾಲ್‌ಮಿಲ್_ಪಿಸಿ (ಕಲಬುರಗಿ)
ಅಕೌಂಟ್ಸ್ ಪಿಸಿದು 192.168.1.1. ಕಾಟಾ ಪಿಸಿದು ಖಾಲಿ. ಎನ್‌ವಿಆರ್‌ದು 192.168.1.1 ಅಂತ ತೋರಸ್ತದ, ಹಾಕಿದವರು ಹಂಗೇ ಬಿಟ್ಟಾರ.

ಫರ್ಸಿ_ಕಲ್ಲು (ಶಹಾಬಾದ್)
ಸಿಕ್ತು ನೋಡ್ರಿ. ಮೂರರಾಗೂ ಆಚೆ ನೆಟ್‌ವರ್ಕಿಗೆ ದಾರಿ ಇಲ್ಲ. ಫಾರ್ವರ್ಡಿಂಗ್ 1 ಮಾಡಿದ್ರ ಮಿನಿ ಪಿಸಿ ತನ್ನ ಕೈಗೆ ಬಂದ ಪ್ಯಾಕೆಟ್ ದಾಟಸ್ತದ ಅಷ್ಟೇ. ನಿಮ್ಮ ಪ್ಯಾಕೆಟ್ ಮಿನಿ ಪಿಸಿ ತನಕ ಬರೋದೇ ಇಲ್ಲ, ಸೀದಾ 192.168.1.1ಕ್ಕ ಹೋಗ್ತದ. ಆ ರೂಟರ್‌ಗೆ 192.168.20 ಗೊತ್ತಿಲ್ಲ, ತನ್ನ ಡೀಫಾಲ್ಟ್ ದಾರಿ ಹಿಡಿದು ಇಂಟರ್ನೆಟ್ ಕಡೆ ದೂಡ್ತದ.

ಸುರಪುರ_ಗುಡ್ಡ (ಯಾದಗಿರಿ ಜಿಲ್ಲೆ)
ಮೊದಲು 0 ಆಗುವುದನ್ನು ಮುಗಿಸೋಣ. ಎಕೋ ಮಾಡಿದ್ದು ನೆನಪಿನಲ್ಲಿ ಮಾತ್ರ ಇರುತ್ತದೆ, ರೀಬೂಟ್ ಆದರೆ ಹೋಯಿತು. /ಇಟಿಸಿ/ಸಿಸ್‌ಸಿಟಿಎಲ್.ಡಿ ಫೋಲ್ಡರಿನಲ್ಲಿ 99-ಫಾರ್ವರ್ಡ್.ಕಾನ್ಫ್ ಎಂಬ ಫೈಲ್ ಮಾಡಿ, ಒಂದೇ ಸಾಲು ಬರೆಯಿರಿ:

ನೆಟ್.ಐಪಿವಿ4.ಐಪಿ_ಫಾರ್ವರ್ಡ್ = 1

ಫೈಲ್ ಹೆಸರು .ಕಾನ್ಫ್ ಎಂದೇ ಮುಗಿಯಬೇಕು, ಇಲ್ಲದಿದ್ದರೆ ಓದುವುದೇ ಇಲ್ಲ. ಆಮೇಲೆ ರೂಟ್ ಆಗಿ ಸಿಸ್‌ಸಿಟಿಎಲ್ --ಸಿಸ್ಟಮ್ ಕೊಡಿ. ಯಾವ ಫೈಲಿನಿಂದ ಯಾವ ಬೆಲೆ ಬಂತು ಎಂದು ಅದೇ ಸಾಲುಸಾಲಾಗಿ ತೋರಿಸುತ್ತದೆ. ಬೇರೆ ಯಾವುದೋ ಫೈಲ್ ನಂತರ ಬಂದು 0 ಬರೆಯುತ್ತಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನೊಂದು ಎಚ್ಚರ. ಐಪಿ_ಫಾರ್ವರ್ಡ್ ಬೆಲೆಯನ್ನು 0ಯಿಂದ 1ಕ್ಕೆ ಬದಲಿಸಿದಾಗ ಕರ್ನಲ್ ಇಂಟರ್‌ಫೇಸ್‌ಗಳ ಕೆಲವು ಸೆಟ್ಟಿಂಗ್‌ಗಳನ್ನು ಹೋಸ್ಟ್ ಲೆಕ್ಕದಿಂದ ರೂಟರ್ ಲೆಕ್ಕಕ್ಕೆ ಡೀಫಾಲ್ಟ್ ಮಾಡಿಬಿಡುತ್ತದೆ. ರೀಡೈರೆಕ್ಟ್ ಇತ್ಯಾದಿ ಕೈಯಾರೆ ಹೊಂದಿಸಿದ್ದರೆ ಫಾರ್ವರ್ಡ್ ಸಾಲನ್ನು ಮೊದಲು, ಉಳಿದದ್ದನ್ನು ಅದರ ಕೆಳಗೆ ಬರೆಯಬೇಕು.

ಯಾದಗಿರಿ_ಕೇಬಲ್
ಇಷ್ಟೆಲ್ಲ ಯಾಕ್ರಿ? ಈಥ್1 ಮ್ಯಾಲ ಮಾಸ್ಕರೇಡ್ (ಕಳಿಸಿದವರ ಐಪಿ ಬದಲಿ ಮಿನಿ ಪಿಸಿ ಐಪಿ ಹಾಕೋ ನ್ಯಾಟ್) ಹಾಕ್ರಿ, ಮುಗೀತು. ಕಾಟಾ ಪಿಸಿಗೆ ಗೇಟ್‌ವೇನೇ ಬೇಕಾಗಲ್ಲ. ಅದಕ್ಕ ಕಾಣೋದು 192.168.20.1 ಮಾತ್ರ, ಅದು ಬಾಜೂ ಮನಿ ಇದ್ದಂಗ, ಸೀದಾ ಉತ್ತರ ಕೊಡ್ತದ.

ಲ್ಯಾಬ್_ಬೆಂಚು (ಬೀದರ್)
@ಯಾದಗಿರಿ_ಕೇಬಲ್ ಇದನ್ನು ಒಪ್ಪುವುದಿಲ್ಲ. ಎರಡೂ ತುದಿ ನಿಮ್ಮ ಕೈಯಲ್ಲೇ ಇರುವಾಗ ಒಳಗಿನ ನೆಟ್‌ವರ್ಕಿಗೆ ನ್ಯಾಟ್ ಯಾಕೆ? ಕಾಟಾ ಪಿಸಿಯ ಲಾಗ್‌ನಲ್ಲಿ ಆಫೀಸಿನ ಪ್ರತಿಯೊಬ್ಬರೂ 192.168.20.1 ಎಂದೇ ಬೀಳುತ್ತಾರೆ. ತೂಕದ ಎಂಟ್ರಿಯನ್ನು ಯಾವ ಪಿಸಿಯಿಂದ ತಿದ್ದಿದರು ಎಂದು ಮಾಲೀಕರು ಕೇಳಿದರೆ ಉತ್ತರವಿಲ್ಲ. ಇನ್ನು, ನಾಳೆ ಕಾಟಾ ಪಿಸಿಯೇ ಆಫೀಸಿನ ಟ್ಯಾಲಿ ಸರ್ವರಿಗೆ ತಾನಾಗಿ ಸಂಪರ್ಕ ಶುರು ಮಾಡಬೇಕಾದರೆ ಈಥ್1 ಮೇಲಿನ ಮಾಸ್ಕರೇಡ್ ಉಪಯೋಗಕ್ಕೆ ಬರುವುದಿಲ್ಲ. ಗೇಟ್‌ವೇ ಹಾಕಲೇಬೇಕಾಗುತ್ತದೆ.

ಯಾದಗಿರಿ_ಕೇಬಲ್
ಗೇಟ್‌ವೇ ಹಾಕೋ ಜಾಗನೇ ಇಲ್ದ ಸಾಮಾನು ಎಷ್ಟ್ ಬೇಕು ಅಷ್ಟ್ ಅದಾವ ಸರ. ಹಳೇ ತೂಕದ ಇಂಡಿಕೇಟರ್, ಬಯೋಮೆಟ್ರಿಕ್ ಮಷಿನ್ ಒಳಗ ಐಪಿ ಮತ್ತ ಮಾಸ್ಕ್ (ತನ್ನ ನೆಟ್‌ವರ್ಕ್ ಎಷ್ಟು ದೊಡ್ಡದು ಅಂತ ಹೇಳೋ ಸಂಖ್ಯೆ) ಬಿಟ್ರ ಬ್ಯಾರೆ ಆಪ್ಷನ್ನೇ ಇರಂಗಿಲ್ಲ. ಅಲ್ಲಿ ನ್ಯಾಟ್ ಬಿಟ್ರ ಗತಿ ಏನು?

ಲ್ಯಾಬ್_ಬೆಂಚು (ಬೀದರ್)
ಅಂಥ ಒಂದು ಯಂತ್ರಕ್ಕೆ, ಅದರ ಐಪಿಗೆ ಮಾತ್ರ ಸೀಮಿತವಾಗಿ ಮಾಸ್ಕರೇಡ್ ಹಾಕಿ, ತಕರಾರಿಲ್ಲ. ಇಡೀ ಗೋಡೌನ್ ನೆಟ್‌ವರ್ಕಿಗೆ (/24) ಬೇಡ.

ಸುರಪುರ_ಗುಡ್ಡ (ಯಾದಗಿರಿ ಜಿಲ್ಲೆ)
ಈಗ ಸರಿಯಾದ ದಾರಿ. @ದಾಲ್‌ಮಿಲ್_ಪಿಸಿ ಅವರೇ, ಗೋಡೌನ್ ಕಡೆ ಎರಡಕ್ಕೂ ಗೇಟ್‌ವೇ 192.168.20.1 ಮಾಡಿ. ಮಿನಿ ಪಿಸಿಯ ಈಥ್0ಗೆ ಗೇಟ್‌ವೇ 192.168.1.1 ಇರಲಿ, ಈಥ್1ಗೆ ಗೇಟ್‌ವೇ ಹಾಕಲೇಬೇಡಿ. ಎರಡೂ ಕಾರ್ಡಿಗೆ ಗೇಟ್‌ವೇ ತುಂಬಿದರೆ ಎರಡು ಡೀಫಾಲ್ಟ್ ರೂಟ್ ಕೂತು, ಇಂಟರ್ನೆಟ್ಟಿಗೆ ಹೋಗಬೇಕಾದದ್ದು ಗೋಡೌನಿನ ಕಡೆ ಹೊರಳುವ ಸಾಧ್ಯತೆ ಇದೆ.

ಆಫೀಸಿನ ಅಕೌಂಟ್ಸ್ ಪಿಸಿಯಲ್ಲಿ ಅಡ್ಮಿನ್ ಕಮಾಂಡ್ ಪ್ರಾಂಪ್ಟ್ ತೆರೆದು:

ರೂಟ್ -ಪಿ ಆ್ಯಡ್ 192.168.20.0 ಮಾಸ್ಕ್ 255.255.255.0 192.168.1.2

-ಪಿ ಇಲ್ಲದಿದ್ದರೆ ಪಿಸಿ ರೀಸ್ಟಾರ್ಟ್ ಆದಾಗ ಆ ರೂಟ್ ಅಳಿಸಿಹೋಗುತ್ತದೆ. ಮಾಸ್ಕ್ ಎಂಬ ಪದ ಬಿಟ್ಟು ಬರೀ ಸಂಖ್ಯೆ ಹೊಡೆದರೆ ಕಮಾಂಡ್ ತೆಗೆದುಕೊಳ್ಳುವುದಿಲ್ಲ.

ಮಾಂಜ್ರಾ_ದಂಡೆ (ಭಾಲ್ಕಿ)
ಒಂದೊಂದು ಪಿಸಿಗೂ ರೂಟ್ ಹಾಕೋ ಬದಲು 192.168.1.1 ರೂಟರ್ ಒಳಗೆ ಒಂದೇ ಸ್ಟ್ಯಾಟಿಕ್ ರೂಟ್ ಹಾಕಬಹುದಲ್ಲಾ ಸರ್? ಅಡ್ವಾನ್ಸ್ಡ್ ಮೆನುವಿನಲ್ಲಿ ಸ್ಟ್ಯಾಟಿಕ್ ರೂಟಿಂಗ್ ಅಂತ ಇರುತ್ತೆ.

ಲ್ಯಾಬ್_ಬೆಂಚು (ಬೀದರ್)
ಹಾಕಬಹುದು, ಬಹಳ ಕಡೆ ನಡೆಯುತ್ತದೆ ಕೂಡ. ಆದರೆ ಅಲ್ಲಿ ಒಂದು ಗುಂಡಿ ಇದೆ. ಹೋಗುವ ಪ್ಯಾಕೆಟ್ ಪಿಸಿಯಿಂದ 192.168.1.1ಕ್ಕೆ, ಅಲ್ಲಿಂದ 192.168.1.2ಕ್ಕೆ, ಅಲ್ಲಿಂದ ಗೋಡೌನಿಗೆ. ಬರುವ ಪ್ಯಾಕೆಟ್ ಮಿನಿ ಪಿಸಿಯಿಂದ ಸೀದಾ 192.168.1.35ಕ್ಕೆ, ಏಕೆಂದರೆ ಮಿನಿ ಪಿಸಿ ಅದೇ ಸಬ್‌ನೆಟ್‌ನಲ್ಲಿದೆ. ಅಂದರೆ ಇಂಟರ್ನೆಟ್ ರೂಟರ್ ಸಂಭಾಷಣೆಯ ಅರ್ಧವನ್ನಷ್ಟೇ ನೋಡುತ್ತದೆ. ಸಿನ್ (ಸಂಪರ್ಕದ ಕೋರಿಕೆ) ನೋಡಿತು, ಸಿನ್-ಆ್ಯಕ್ (ಅದಕ್ಕೆ ಉತ್ತರ) ನೋಡಲೇ ಇಲ್ಲ, ಆಮೇಲೆ ಆ್ಯಕ್ (ಉತ್ತರ ಸಿಕ್ಕಿತು ಎಂಬ ಸೂಚನೆ) ಬಂತು. ಅದರ ಫೈರ್‌ವಾಲ್ ಕಟ್ಟುನಿಟ್ಟಾಗಿದ್ದರೆ ಇದನ್ನು ಇನ್ವ್ಯಾಲಿಡ್ ಎಂದು ಎಸೆಯುತ್ತದೆ.

ಗುರುತು ಹಿಡಿಯುವುದು ಸುಲಭ: ಪಿಂಗ್ ಚೆನ್ನಾಗಿ ಹೋಗುತ್ತದೆ, ಆದರೆ ಎನ್‌ವಿಆರ್‌ನ ವೆಬ್ ಪುಟ ತೆರೆಯದೆ ತಿರುಗುತ್ತಲೇ ಇರುತ್ತದೆ. ಪಿಂಗ್ ಹೋದ ಮೇಲೆ ರೂಟಿಂಗ್ ಸರಿ ಇದೆ ಎಂದು ಕ್ಯಾಮೆರಾ ಸಾಫ್ಟ್‌ವೇರ್ ಅನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವವರು ಇಲ್ಲೇ ಸಿಕ್ಕಿಕೊಳ್ಳುವುದು.

ಫರ್ಸಿ_ಕಲ್ಲು (ಶಹಾಬಾದ್)
ಹಂಗಿದ್ರ ಆಫೀಸ್ ಪಿಸಿಗಳ ಗೇಟ್‌ವೇನೇ 192.168.1.2 ಮಾಡ್ರಿ. ಮಿನಿ ಪಿಸಿಗೆ ಇಂಟರ್ನೆಟ್ ದಾರಿನೂ ಗೊತ್ತು, ಗೋಡೌನ್ ದಾರಿನೂ ಗೊತ್ತು.

ಸುರಪುರ_ಗುಡ್ಡ (ಯಾದಗಿರಿ ಜಿಲ್ಲೆ)
ಆಗುತ್ತದೆ, ಎರಡು ಷರತ್ತು. ಮಿನಿ ಪಿಸಿ ಕೆಟ್ಟರೆ ಇಡೀ ಆಫೀಸಿನ ಇಂಟರ್ನೆಟ್ ನಿಲ್ಲುತ್ತದೆ. ಮತ್ತು ಇಂಟರ್ನೆಟ್ ಪ್ಯಾಕೆಟ್ ಬಂದಾಗ ಮಿನಿ ಪಿಸಿ "ನೀನು ನೇರ 192.168.1.1ಕ್ಕೇ ಹೋಗು" ಎಂದು ಐಸಿಎಂಪಿ ರೀಡೈರೆಕ್ಟ್ ಕಳಿಸುತ್ತದೆ. ಕೆಲವು ಪಿಸಿ ಕೇಳುತ್ತವೆ, ಕೆಲವು ಕೇಳುವುದಿಲ್ಲ. ಕೆಲಸ ನಿಲ್ಲುವುದಿಲ್ಲ, ಆದರೆ ಟ್ರೇಸ್‌ರೂಟ್ ಒಂದೊಂದು ಪಿಸಿಯಲ್ಲಿ ಒಂದೊಂದು ಥರ ಬರುತ್ತದೆ.

ದಾಲ್‌ಮಿಲ್_ಪಿಸಿ (ಕಲಬುರಗಿ)
ಮಾಡಿದೆ. 99-ಫಾರ್ವರ್ಡ್.ಕಾನ್ಫ್ ಹಾಕೀನಿ, ರೀಬೂಟ್ ಆದ್ಮ್ಯಾಲೂ 1 ಅದ. ಅಕೌಂಟ್ಸ್ ಪಿಸಿಗೆ ರೂಟ್ -ಪಿ ಕೊಟ್ಟೀನಿ. ಕಾಟಾ ಪಿಸಿ ಮತ್ತ ಎನ್‌ವಿಆರ್ ಎರಡಕ್ಕೂ ಗೇಟ್‌ವೇ 192.168.20.1. ಇನ್ನೂ ಎರಡೂ ಪಿಂಗ್ ಆಗವಲ್ವು.

ಸುರಪುರ_ಗುಡ್ಡ (ಯಾದಗಿರಿ ಜಿಲ್ಲೆ)
ಇನ್ನು ಊಹೆ ಬೇಡ, ಪ್ಯಾಕೆಟ್ ಎಲ್ಲಿ ನಿಂತಿದೆ ನೋಡೋಣ. ಟಿಸಿಪಿಡಂಪ್ ದಾಟುವ ಪ್ಯಾಕೆಟ್ ತೋರಿಸುತ್ತದೆ; ಇಲ್ಲಿ ಐಸಿಎಂಪಿ ಅಂದರೆ ಪಿಂಗ್ ಪ್ಯಾಕೆಟ್, ಎಆರ್‌ಪಿ ಅಂದರೆ ಒಂದು ಐಪಿಯ ಮ್ಯಾಕ್ (ಕಾರ್ಡಿನ ವಿಳಾಸ) ಕೇಳುವುದು. ಮಿನಿ ಪಿಸಿಯಲ್ಲಿ ಎರಡು ಟರ್ಮಿನಲ್ ತೆರೆಯಿರಿ. ಒಂದರಲ್ಲಿ ಟಿಸಿಪಿಡಂಪ್ -ಎನ್ಐ ಈಥ್0 ಐಸಿಎಂಪಿ, ಇನ್ನೊಂದರಲ್ಲಿ ಟಿಸಿಪಿಡಂಪ್ -ಎನ್ಐ ಈಥ್1 ಐಸಿಎಂಪಿ ಆರ್ ಎಆರ್‌ಪಿ. -ಎನ್ ಮರೆಯಬೇಡಿ, ಇಲ್ಲವಾದರೆ ಪ್ರತಿ ಐಪಿಗೂ ಹೆಸರು ಹುಡುಕುತ್ತಾ ಔಟ್‌ಪುಟ್ ತಡವಾಗಿ ಬರುತ್ತದೆ. ಈಗ ಅಕೌಂಟ್ಸ್ ಪಿಸಿಯಿಂದ ಪಿಂಗ್ -ಟಿ ಬಿಡಿ.

ಓದುವ ರೀತಿ:

ಈಥ್0ರಲ್ಲೇ ರಿಕ್ವೆಸ್ಟ್ ಇಲ್ಲ ಅಂದರೆ ಅಕೌಂಟ್ಸ್ ಪಿಸಿಯ ರೂಟ್ ತಪ್ಪು.

ಈಥ್0ರಲ್ಲಿ ಬಂತು, ಈಥ್1ರಲ್ಲಿ ಹೊರಬೀಳಲಿಲ್ಲ ಅಂದರೆ ತೊಂದರೆ ಮಿನಿ ಪಿಸಿ ಒಳಗೇ ಇದೆ. ಟಿಸಿಪಿಡಂಪ್ ಒಳಬರುವ ಪ್ಯಾಕೆಟ್ಟನ್ನು ಫೈರ್‌ವಾಲಿಗೆ ಮುಂಚೆ ನೋಡುತ್ತದೆ, ಹೊರಹೋಗುವುದನ್ನು ಫೈರ್‌ವಾಲ್ ದಾಟಿದ ಮೇಲೆ ನೋಡುತ್ತದೆ. ಆದ್ದರಿಂದ ನಡುವೆ ನುಂಗಿದ್ದು ಐಪಿ_ಫಾರ್ವರ್ಡ್, ಫಾರ್ವರ್ಡ್ ಚೈನ್ (ದಾಟಿ ಹೋಗುವ ಪ್ಯಾಕೆಟ್ಟಿನ ಫೈರ್‌ವಾಲ್ ನಿಯಮಗಳ ಪಟ್ಟಿ) ಅಥವಾ ಆರ್‌ಪಿ_ಫಿಲ್ಟರ್, ಈ ಮೂರರಲ್ಲಿ ಒಂದು.

ಈಥ್1ರಲ್ಲಿ ರಿಕ್ವೆಸ್ಟ್ ಹೊರಟಿತು, ರಿಪ್ಲೈ ಇಲ್ಲ ಅಂದರೆ ಆಚೆ ತುದಿಯ ಗೇಟ್‌ವೇ, ಮಾಸ್ಕ್ ಅಥವಾ ಅದರದೇ ಫೈರ್‌ವಾಲ್.

ಈಥ್1ರಲ್ಲಿ ಐಸಿಎಂಪಿ ಇಲ್ಲದೆ ಬರೀ "ಹೂ-ಹ್ಯಾಸ್ 192.168.20.10" ಎಂದು ಎಆರ್‌ಪಿ ಕೂಗುತ್ತಿದ್ದರೆ ಆ ಯಂತ್ರ ಬಂದ್ ಇದೆ, ಇಲ್ಲವೇ ಕೇಬಲ್, ವೈರ್‌ಲೆಸ್ ಲಿಂಕ್ ಬಿದ್ದಿದೆ.

ದಾಲ್‌ಮಿಲ್_ಪಿಸಿ (ಕಲಬುರಗಿ)
ಈಥ್0 ಮ್ಯಾಲ ರಿಕ್ವೆಸ್ಟ್ ಬರ್ಲಿಕತ್ತಾವ. ಈಥ್1 ಮ್ಯಾಲ ಏನೂ ಇಲ್ಲ.

ಯಾದಗಿರಿ_ಕೇಬಲ್
ಡಾಕರ್ (ಕಂಟೈನರ್ ನಡಸೋ ಸಾಫ್ಟ್‌ವೇರ್) ಅದ ಏನು ಅದ್ರಾಗ?

ದಾಲ್‌ಮಿಲ್_ಪಿಸಿ (ಕಲಬುರಗಿ)
ಡಾಕರ್ ಇಲ್ಲ. ಯುಎಫ್‌ಡಬ್ಲ್ಯೂ (ಲಿನಕ್ಸ್ ಫೈರ್‌ವಾಲ್) ಆನ್ ಅದ.

ಯಾದಗಿರಿ_ಕೇಬಲ್
ಅದೇ. ಯುಎಫ್‌ಡಬ್ಲ್ಯೂದಾಗ ಫಾರ್ವರ್ಡ್ ಪಾಲಿಸಿ ಮೊದಲಿಂದನೇ ಡ್ರಾಪ್ ಇರ್ತದ. /ಇಟಿಸಿ/ಡೀಫಾಲ್ಟ್/ಯುಎಫ್‌ಡಬ್ಲ್ಯೂ ಫೈಲಿನಾಗ ಅಕ್ಸೆಪ್ಟ್ ಮಾಡ್ರಿ.

ಸುರಪುರ_ಗುಡ್ಡ (ಯಾದಗಿರಿ ಜಿಲ್ಲೆ)
ಕಾರಣ ಸರಿ, ಮದ್ದು ಅತಿಯಾಯಿತು. ಪಾಲಿಸಿ ಡ್ರಾಪ್ ಇರಲಿ, ಬೇಕಾದ ದಿಕ್ಕಿಗೆ ಮಾತ್ರ ಬಾಗಿಲು ತೆಗೆಯಿರಿ:

ಯುಎಫ್‌ಡಬ್ಲ್ಯೂ ರೂಟ್ ಅಲೋ ಇನ್ ಆನ್ ಈಥ್0 ಔಟ್ ಆನ್ ಈಥ್1

ಮರಳಿ ಬರುವ ಉತ್ತರಕ್ಕೆ ಬೇರೆ ರೂಲ್ ಬೇಡ, ಶುರುವಾದ ಸಂಪರ್ಕದ ಪ್ಯಾಕೆಟ್‌ಗಳನ್ನು ಕಾನ್‌ಟ್ರ್ಯಾಕ್ ಗುರುತಿಸಿ ಬಿಡುತ್ತದೆ. ಗೋಡೌನ್ ಕಡೆಯಿಂದ ಆಫೀಸಿಗೆ ಶುರುವಾಗುವ ಸಂಪರ್ಕ ಬೇಕಿದ್ದರೆ ಮಾತ್ರ ತಿರುಗು ದಿಕ್ಕಿನ ಇನ್ನೊಂದು ಸಾಲು. ಕ್ಯಾಮೆರಾಗಳು ಆಫೀಸಿನ ಪಿಸಿಗಳನ್ನು ಮುಟ್ಟುವ ಅಗತ್ಯವೇ ಇಲ್ಲ.

ಸಾಮಾನ್ಯ ಯುಎಫ್‌ಡಬ್ಲ್ಯೂ ಅಲೋ ಇಲ್ಲಿ ನಾಟುವುದಿಲ್ಲ. ಅದು ಮಿನಿ ಪಿಸಿಗೇ ಬರುವ ಪ್ಯಾಕೆಟ್ಟಿಗೆ, ಅಂದರೆ ಇನ್‌ಪುಟ್ ಚೈನ್‌ಗೆ. ದಾಟಿ ಹೋಗುವ ಪ್ಯಾಕೆಟ್ ಇನ್‌ಪುಟ್ ಚೈನ್ ಕಡೆ ತಲೆ ಹಾಕುವುದೇ ಇಲ್ಲ. ಮಿನಿ ಪಿಸಿಯಿಂದ ಎರಡೂ ಕಡೆ ಪಿಂಗ್ ಹೋಗುತ್ತಿತ್ತು ಎಂಬುದೂ ಇದಕ್ಕೇ ಸಾಕ್ಷಿಯಾಗಲಿಲ್ಲ, ಅದು ಔಟ್‌ಪುಟ್ ಚೈನ್.

ಡಾಕರ್ ಇರುವವರಿಗೆ: ಫಾರ್ವರ್ಡಿಂಗ್ ಅನ್ನು ಡಾಕರ್ ತಾನೇ ಆನ್ ಮಾಡಬೇಕಾಗಿ ಬಂದರೆ ಫಾರ್ವರ್ಡ್ ಚೈನ್ ಪಾಲಿಸಿಯನ್ನೂ ಡ್ರಾಪ್ ಮಾಡುತ್ತದೆ. ನಿಮ್ಮ ರೂಲ್ ಅನ್ನು ಡಾಕರ್-ಯೂಸರ್ ಚೈನ್‌ನಲ್ಲಿ ಬರೆಯಿರಿ.

ಮಾಂಜ್ರಾ_ದಂಡೆ (ಭಾಲ್ಕಿ)
ಆರ್‌ಪಿ_ಫಿಲ್ಟರ್ ಅಂದ್ರೆ ಏನು ಸರ್?

ಲ್ಯಾಬ್_ಬೆಂಚು (ಬೀದರ್)
ಬಂದ ಪ್ಯಾಕೆಟ್ಟಿನ ಸೋರ್ಸ್ ಐಪಿಗೆ ಉತ್ತರ ಕಳಿಸುವುದಾದರೆ ಯಾವ ಇಂಟರ್‌ಫೇಸ್‌ನಿಂದ ಕಳಿಸಬೇಕು ಎಂದು ಕರ್ನಲ್ ರೂಟಿಂಗ್ ಟೇಬಲ್ ನೋಡುತ್ತದೆ. ಬಂದ ಇಂಟರ್‌ಫೇಸ್ ಮತ್ತು ಅದು ಒಂದೇ ಇಲ್ಲದಿದ್ದರೆ, ಬೆಲೆ 1 ಇದ್ದಾಗ ಸದ್ದಿಲ್ಲದೆ ಎಸೆಯುತ್ತದೆ. 2 ಇದ್ದರೆ ಯಾವುದಾದರೂ ಒಂದು ಇಂಟರ್‌ಫೇಸ್ ಮೂಲಕ ತಲುಪುವಂತಿದ್ದರೆ ಸಾಕು. 0 ಅಂದರೆ ಪರೀಕ್ಷೆ ಇಲ್ಲ. 'ಆಲ್' ಬೆಲೆ ಮತ್ತು ಇಂಟರ್‌ಫೇಸ್ ಬೆಲೆ ಎರಡರಲ್ಲಿ ದೊಡ್ಡದು ಯಾವುದೋ ಅದು ಜಾರಿಗೆ ಬರುತ್ತದೆ. ಹಾಗಾಗಿ ಈಥ್1ಕ್ಕೆ 0 ಹಾಕಿ 'ಆಲ್' ಅನ್ನು 1ರಲ್ಲೇ ಬಿಟ್ಟರೆ ಏನೂ ಬದಲಾಗುವುದಿಲ್ಲ. ಎರಡು ಇಂಟರ್ನೆಟ್ ಲೈನ್ ಇರುವ ಕಡೆ ಇದು ಬಹಳ ಕಾಡುತ್ತದೆ. ಈ ದಾಲ್ ಮಿಲ್ಲಿನ ಜೋಡಣೆಯಲ್ಲಿ ಹೋಗುವ ಬರುವ ದಾರಿ ಒಂದೇ, ಆದ್ದರಿಂದ ಇಲ್ಲಿ ಇದು ಕಾರಣವಲ್ಲ.

ದಾಲ್‌ಮಿಲ್_ಪಿಸಿ (ಕಲಬುರಗಿ)
ಯುಎಫ್‌ಡಬ್ಲ್ಯೂ ರೂಟ್ ಹಾಕಿದ ಮ್ಯಾಲ ಈಥ್1ದಾಗ ರಿಕ್ವೆಸ್ಟ್ ಹೊಂಟಾವ. ಆದ್ರ ಎರಡರಿಂದಲೂ ರಿಪ್ಲೈ ಇಲ್ಲ. ಎನ್‌ವಿಆರ್‌ಗೆ ಪಿಂಗ್ ಹೊಡದಾಗ ಹಿಂಗ ಬರ್ತದ: "ಎಆರ್‌ಪಿ, ರಿಕ್ವೆಸ್ಟ್ ಹೂ-ಹ್ಯಾಸ್ 192.168.1.35 ಟೆಲ್ 192.168.20.50".

ಫರ್ಸಿ_ಕಲ್ಲು (ಶಹಾಬಾದ್)
ಎನ್‌ವಿಆರ್ ಮಾಸ್ಕ್ ನೋಡ್ರಿ! 255.255.0.0 ಇರ್ತದ ನೋಡ್ರಿ ಬೇಕಾದ್ರ.

ದಾಲ್‌ಮಿಲ್_ಪಿಸಿ (ಕಲಬುರಗಿ)
ಹೌದ್ರಿ ಅಣ್ಣ, 255.255.0.0 ಅದ! ಹ್ಯಾಂಗ ಗೊತ್ತಾಯ್ತು?

ಫರ್ಸಿ_ಕಲ್ಲು (ಶಹಾಬಾದ್)
ಅದು 192.168.1.35 ಯಾರದು ಅಂತ ಗೋಡೌನಿನಾಗೇ ಕೂಗ್ಲಿಕತ್ತದ. ಬ್ಯಾರೆ ನೆಟ್‌ವರ್ಕ್ ಅಂತ ತಿಳದಿದ್ರ ಗೇಟ್‌ವೇ 20.1ರ ಮ್ಯಾಕ್ ಕೇಳ್ತಿತ್ತು. ಮಾಸ್ಕ್ /16 ಇದ್ರ 192.168ರಿಂದ ಶುರು ಆಗೋದು ಎಲ್ಲಾ ತನ್ನ ಓಣಿದೇ ಅಂತ ತಿಳೀತದ, ಗೇಟ್‌ವೇ ಕಡೆ ಹೊಳ್ಳಿ ನೋಡಲ್ಲ. 255.255.255.0 ಮಾಡ್ರಿ.

ಯಾದಗಿರಿ_ಕೇಬಲ್
ಮಿನಿ ಪಿಸಿ ಈಥ್1 ಮ್ಯಾಲ ಪ್ರಾಕ್ಸಿ ಎಆರ್‌ಪಿ ಆನ್ ಮಾಡಿದ್ರೂ ನಡೀತದ. ಎನ್‌ವಿಆರ್ ಪಾಸ್‌ವರ್ಡ್ ಗೊತ್ತಿಲ್ದ ಕಡೆ ಕೆಲಸಕ್ಕ ಬರ್ತದ.

ಲ್ಯಾಬ್_ಬೆಂಚು (ಬೀದರ್)
ನಡೆಯುತ್ತದೆ, ನಿಜ. ಆದರೆ ತಪ್ಪು ಮಾಸ್ಕ್ ಅಲ್ಲೇ ಉಳಿಯುತ್ತದೆ. ಮುಂದೆ ಮಿನಿ ಪಿಸಿ ಬದಲಿಸಿದವರಿಗೆ ಪ್ರಾಕ್ಸಿ ಎಆರ್‌ಪಿ ಇದ್ದದ್ದು ಗೊತ್ತಿರುವುದಿಲ್ಲ, ಎನ್‌ವಿಆರ್ ಮತ್ತೆ ಮಾಯ. ಮಾಸ್ಕ್ ತಿದ್ದುವುದೇ ಸರಿ.

ದಾಲ್‌ಮಿಲ್_ಪಿಸಿ (ಕಲಬುರಗಿ)
ಎನ್‌ವಿಆರ್ ಬಂತು! ವೆಬ್ ಪೇಜೂ ತೆರೀತು. ಕಾಟಾ ಪಿಸಿ ಮಾತ್ರ ಇನ್ನೂ ಇಲ್ಲ. ಮಾಸ್ಕ್, ಗೇಟ್‌ವೇ ಎರಡೂ ಬರೋಬ್ಬರಿ ಅವ. ಮಿನಿ ಪಿಸಿಯಿಂದ ಅದಕ್ಕ ಪಿಂಗ್ ಹೋಗ್ತದ.

ಸುರಪುರ_ಗುಡ್ಡ (ಯಾದಗಿರಿ ಜಿಲ್ಲೆ)
ಅದು ವಿಂಡೋಸ್ ಫೈರ್‌ವಾಲ್. ಪ್ರೈವೇಟ್ ಪ್ರೊಫೈಲಿನಲ್ಲಿ ಎಕೋ ರಿಕ್ವೆಸ್ಟ್ ರೂಲ್‌ನ ಸ್ಕೋಪ್ 'ಲೋಕಲ್ ಸಬ್‌ನೆಟ್' ಎಂದಿರುತ್ತದೆ. ಮಿನಿ ಪಿಸಿ 192.168.20.1ರಿಂದ ಕೇಳಿದರೆ ಉತ್ತರ, 192.168.1.35ರಿಂದ ಕೇಳಿದರೆ ಮೌನ. ವಿಂಡೋಸ್ ಡಿಫೆಂಡರ್ ಫೈರ್‌ವಾಲ್, ಅಡ್ವಾನ್ಸ್ಡ್, ಇನ್‌ಬೌಂಡ್ ರೂಲ್ಸ್, 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ - ಎಕೋ ರಿಕ್ವೆಸ್ಟ್ ಐಸಿಎಂಪಿವಿ4' ತೆರೆದು, ಸ್ಕೋಪ್ ಟ್ಯಾಬ್‌ನ ರಿಮೋಟ್ ಅಡ್ರೆಸ್‌ಗೆ 192.168.1.0/24 ಸೇರಿಸಿ. ಹಂಚಿದ ಫೋಲ್ಡರ್ ಬೇಕಿದ್ದರೆ ಎಸ್‌ಎಂಬಿ-ಇನ್ ರೂಲ್‌ಗೂ ಅದನ್ನೇ ಮಾಡಿ, ಅದು ಪೋರ್ಟ್ 445. ಫೈರ್‌ವಾಲ್ ಪೂರ್ತಿ ಬಂದ್ ಮಾಡಬೇಡಿ.

ಯಾದಗಿರಿ_ಕೇಬಲ್
ಪಿಂಗ್ ಬಿಟ್ಟು ಪವರ್‌ಶೆಲ್‌ನಾಗ ಟೆಸ್ಟ್-ನೆಟ್‌ಕನೆಕ್ಷನ್ 192.168.20.10 -ಪೋರ್ಟ್ 445 ಹೊಡೀರಿ. ನಿಮಗ ಬೇಕಾದ ಸರ್ವಿಸ್ ಸಿಗ್ತದೋ ಇಲ್ಲೋ ಅದೇ ಹೇಳ್ತದ.

ದಾಲ್‌ಮಿಲ್_ಪಿಸಿ (ಕಲಬುರಗಿ)
ಸ್ಕೋಪ್ ಹಾಕಿದ ಮ್ಯಾಲ ಎರಡೂ ಬಂದ್ವು. ರಿಪ್ಲೈದಾಗ ಟಿಟಿಎಲ್ 127 ಅಂತ ಅದ, ಎನ್‌ವಿಆರ್‌ದು 63. ಇದು ಸರಿ ಏನು?

ಲ್ಯಾಬ್_ಬೆಂಚು (ಬೀದರ್)
ಸರಿಯೇ. ಟಿಟಿಎಲ್ ಅಂದರೆ ಪ್ಯಾಕೆಟ್ ಇನ್ನೆಷ್ಟು ರೂಟರ್ ದಾಟಬಹುದು ಎಂಬ ಎಣಿಕೆ. ಅದನ್ನು ವಿಂಡೋಸ್ 128ರಿಂದ, ಲಿನಕ್ಸ್ ಆಧಾರದ ಯಂತ್ರಗಳು 64ರಿಂದ ಶುರು ಮಾಡುತ್ತವೆ. ಪ್ರತಿ ರೂಟರ್ ಒಂದು ಕಳೆಯುತ್ತದೆ, ಹೆಡರ್ ಚೆಕ್‌ಸಮ್ ಹೊಸದಾಗಿ ಬರೆಯುತ್ತದೆ, ಈಥರ್ನೆಟ್ ಮ್ಯಾಕ್ ವಿಳಾಸ ಎರಡನ್ನೂ ಬದಲಿಸುತ್ತದೆ. ಐಪಿ ವಿಳಾಸ ಮಾತ್ರ ಮುಟ್ಟುವುದಿಲ್ಲ, ನ್ಯಾಟ್ ಇಲ್ಲದಿದ್ದರೆ. ಒಂದು ಕಡಿಮೆ ಬಂದಿದೆ ಅಂದರೆ ನಡುವೆ ಒಂದೇ ರೂಟರ್ ದಾಟಿದೆ. 128 ಅಥವಾ 64 ಪೂರ್ತಿ ಬಂದಿದ್ದರೆ ಅದು ಬ್ರಿಡ್ಜ್ ಆಗಿ ಬಂದಂತೆ.

ವಾಡಿ_ಜಂಕ್ಷನ್
ರೈಲು ಇದ್ದಂಗ ಅನ್ನಬಹುದಲ್ಲ? ವಾಡಿದಾಗ ಸಿಕಂದರಾಬಾದ್ ಕಡೆ ಒಂದು, ರಾಯಚೂರು ಕಡೆ ಒಂದು ಲೈನ್ ಹೊಡೀತದ. ಗಾಡಿ ಬಂತು, ಪಾಯಿಂಟ್ ಬದಲಾಯ್ತು, ಹೊಂಟ್ತು.

ಲ್ಯಾಬ್_ಬೆಂಚು (ಬೀದರ್)
ಒಂದು ವ್ಯತ್ಯಾಸ ಬಹಳ ಮುಖ್ಯ. ಗಾಡಿಯ ಪೂರ್ತಿ ದಾರಿ ಹೊರಡುವ ಮೊದಲೇ ನಿಗದಿ. ಪ್ಯಾಕೆಟ್ಟಿನಲ್ಲಿ ದಾರಿ ಇರುವುದಿಲ್ಲ, ಮುಟ್ಟಬೇಕಾದ ವಿಳಾಸ ಮಾತ್ರ ಇರುತ್ತದೆ. ಪ್ರತಿ ರೂಟರ್ ತನ್ನ ಟೇಬಲ್ ನೋಡಿ ತಾನೇ ತೀರ್ಮಾನಿಸುತ್ತದೆ, ಮತ್ತು ಮರಳಿ ಬರುವ ಪ್ಯಾಕೆಟ್ಟಿಗೆ ತೀರ್ಮಾನ ಬೇರೆಯೇ ಆಗುತ್ತದೆ. ಹೋಗುವ ದಾರಿ ಗೊತ್ತಿದ್ದರೆ ಬರುವ ದಾರಿಯೂ ಗೊತ್ತಿರುತ್ತದೆ ಎಂದುಕೊಳ್ಳುವುದರಿಂದಲೇ ಲ್ಯಾಬ್‌ನಲ್ಲಿ ಅರ್ಧ ಮಕ್ಕಳ ಪಿಂಗ್ ನಿಲ್ಲುವುದು.

ಮಾಂಜ್ರಾ_ದಂಡೆ (ಭಾಲ್ಕಿ)
ಸರ್, ಇದೇ ಥ್ರೆಡ್ಡಿನಲ್ಲಿ ಕೇಳಿಬಿಡ್ತೀನಿ. ಪ್ಯಾಕೆಟ್ ಟ್ರೇಸರ್‌ನಲ್ಲಿ (ಸಿಸ್ಕೋದ ಅಭ್ಯಾಸದ ಸಾಫ್ಟ್‌ವೇರ್) 3560 ಸ್ವಿಚ್. ಒಂದೇ ಸ್ವಿಚ್‌ನಲ್ಲಿ ಬೇರೆ ಮಾಡಿದ ನೆಟ್‌ವರ್ಕ್‌ಗಳಾದ ವಿಲ್ಯಾನ್ 10, ವಿಲ್ಯಾನ್ 20 ಎರಡಕ್ಕೂ ಐಪಿ ಕೊಟ್ಟಿದ್ದೇನೆ. ಸ್ವಿಚ್‌ನಿಂದ ಎಲ್ಲಾ ಪಿಸಿಗೂ ಪಿಂಗ್ ಹೋಗುತ್ತೆ, 10ರಿಂದ 20ಕ್ಕೆ ಹೋಗಲ್ಲ.

ಫರ್ಸಿ_ಕಲ್ಲು (ಶಹಾಬಾದ್)
ಕಾನ್ಫಿಗ್ ಮೋಡಿನಾಗ 'ಐಪಿ ರೂಟಿಂಗ್' ಕೊಟ್ಟೀಯೇನು ತಮ್ಮಾ?

ಮಾಂಜ್ರಾ_ದಂಡೆ (ಭಾಲ್ಕಿ)
ಇಲ್ಲ. ಕೊಟ್ಟ ತಕ್ಷಣ ಬಂತು! ರೂಟರ್‌ನಲ್ಲಿ ಇದನ್ನು ಕೊಡೋದೇ ಇಲ್ವಲ್ಲ ಅಣ್ಣ?

ಲ್ಯಾಬ್_ಬೆಂಚು (ಬೀದರ್)
ಸಿಸ್ಕೋ ರೂಟರ್‌ನಲ್ಲಿ ಐಪಿವಿ4 ರೂಟಿಂಗ್ ಮೊದಲೇ ಆನ್, ಇಂಥ ಲೇಯರ್ 3 ಸ್ವಿಚ್‌ನಲ್ಲಿ ಆಫ್. ಐಪಿವಿ6ಕ್ಕೆ ರೂಟರ್‌ನಲ್ಲೂ 'ಐಪಿವಿ6 ಯೂನಿಕ್ಯಾಸ್ಟ್-ರೂಟಿಂಗ್' ಕೊಡಬೇಕು. ಹೋಸ್ಟ್ ಯಂತ್ರಗಳಲ್ಲಿ ಫಾರ್ವರ್ಡಿಂಗ್ ಆಫ್ ಇರುವುದು 1989ರ ಆರ್‌ಎಫ್‌ಸಿ (ಇಂಟರ್ನೆಟ್ ಮಾನದಂಡದ ದಾಖಲೆ) 1122ರ ನಿಯಮ: ಗೇಟ್‌ವೇ ಕೆಲಸದ ಕೋಡ್ ಒಳಗಿದ್ದರೂ ಅದಕ್ಕೆ ಸ್ವಿಚ್ ಇರಬೇಕು, ಆ ಸ್ವಿಚ್ ಮೊದಲಿಗೆ ಆಫ್ ಇರಬೇಕು. ರೂಟರ್ ಏನೇನು ಮಾಡಬೇಕು ಎಂಬುದು 1995ರ ಆರ್‌ಎಫ್‌ಸಿ 1812ರಲ್ಲಿದೆ.

3560ರಲ್ಲಿ ಇನ್ನೂ ಮೂರು ಕಡೆ ಎಡವುತ್ತಾರೆ. 'ಐಪಿ ರೂಟಿಂಗ್' ಕೊಟ್ಟ ಕ್ಷಣದಿಂದ 'ಐಪಿ ಡೀಫಾಲ್ಟ್-ಗೇಟ್‌ವೇ' ಸಾಲಿಗೆ ಬೆಲೆ ಇಲ್ಲ, 'ಐಪಿ ರೂಟ್ 0.0.0.0 0.0.0.0' ಮುಂದೆ ನೆಕ್ಸ್ಟ್ ಹಾಪ್ ಕೊಡಬೇಕು. ದೂರದಿಂದ ಟೆಲ್ನೆಟ್ ಅಥವಾ ಎಸ್‌ಎಸ್‌ಎಚ್‌ನಲ್ಲಿ ಕೂತು ಐಪಿ ರೂಟಿಂಗ್ ಕೊಟ್ಟರೆ ಸೆಷನ್ ಕಡಿದುಹೋಗಬಹುದು, ಡೀಫಾಲ್ಟ್ ರೂಟ್ ಸಾಲನ್ನು ಮೊದಲೇ ಬರೆದಿಡಿ. ಎರಡನೆಯದು, ಇಂಟರ್‌ಫೇಸ್ ವಿಲ್ಯಾನ್ 20 ಮೇಲೇಳಬೇಕಾದರೆ ವಿಲ್ಯಾನ್ 20 ವಿಲ್ಯಾನ್ ಪಟ್ಟಿಯಲ್ಲಿ ಇರಬೇಕು, ಅದರ ಒಂದಾದರೂ ಪೋರ್ಟ್ ಅಪ್ ಇರಬೇಕು. ಐಪಿ ಕೊಟ್ಟ ಮಾತ್ರಕ್ಕೆ ಏಳುವುದಿಲ್ಲ. ಮೂರನೆಯದು, ಟ್ರಂಕ್‌ಗೆ (ಹಲವು ವಿಲ್ಯಾನ್ ಒಯ್ಯುವ ಪೋರ್ಟ್) ಮುಂಚೆ 'ಸ್ವಿಚ್‌ಪೋರ್ಟ್ ಟ್ರಂಕ್ ಎನ್‌ಕ್ಯಾಪ್ಸುಲೇಶನ್ ಡಾಟ್1ಕ್ಯೂ' ಕೊಡದೆ 'ಮೋಡ್ ಟ್ರಂಕ್' ಕೊಟ್ಟರೆ ತಿರಸ್ಕರಿಸುತ್ತದೆ.

ಮಾಂಜ್ರಾ_ದಂಡೆ (ಭಾಲ್ಕಿ)
ಇನ್ನೊಂದು. ಎರಡು ರೂಟರ್, ನಡುವೆ 10.0.0.0/30. ಆರ್1ರಿಂದ ಆರ್2 ಹಿಂದಿನ ಪಿಸಿ 192.168.20.10ಕ್ಕೆ ಪಿಂಗ್ ಹೋಗುತ್ತೆ. ಆರ್1 ಹಿಂದಿನ ಪಿಸಿ 192.168.1.35ರಿಂದ ಹೋಗಲ್ಲ. ಆರ್1ರಲ್ಲಿ ರೂಟ್ ಇದೆ.

ಸುರಪುರ_ಗುಡ್ಡ (ಯಾದಗಿರಿ ಜಿಲ್ಲೆ)
ಆರ್2ರಲ್ಲಿ ಇಲ್ಲ. ಆರ್1 ತಾನೇ ಪಿಂಗ್ ಮಾಡಿದಾಗ ಸೋರ್ಸ್ 10.0.0.1 ಆಗುತ್ತದೆ, ಅದು ಆರ್2ಗೆ ನೇರ ಜೋಡಿಸಿದ ನೆಟ್‌ವರ್ಕ್. ಪಿಸಿಯ ಸೋರ್ಸ್ 192.168.1.35, ಅದರ ದಾರಿ ಆರ್2ಗೆ ಗೊತ್ತಿಲ್ಲ. ಆರ್2ರಲ್ಲಿ:

ಐಪಿ ರೂಟ್ 192.168.1.0 255.255.255.0 10.0.0.1

ಪರೀಕ್ಷಿಸುವಾಗ ಆರ್1ರಿಂದ 'ಪಿಂಗ್ 192.168.20.10 ಸೋರ್ಸ್ 192.168.1.1' ಎಂದು ಲ್ಯಾನ್ ಬದಿಯ ಐಪಿ ಕೊಟ್ಟು ಹೊಡೆಯಿರಿ. ಪಿಸಿ ಹತ್ತಿರ ಎದ್ದು ಹೋಗದೆ ತಪ್ಪು ಅಲ್ಲೇ ಗೊತ್ತಾಗುತ್ತದೆ. ನಿಮ್ಮ ಪ್ಯಾಕೆಟ್ ಟ್ರೇಸರ್ ಆವೃತ್ತಿ ಆ ಸಾಲು ತೆಗೆದುಕೊಳ್ಳದಿದ್ದರೆ ಬರೀ 'ಪಿಂಗ್' ಒತ್ತಿ ಎಕ್ಸ್‌ಟೆಂಡೆಡ್ ಪ್ರಶ್ನೆಗಳಿಗೆ ಉತ್ತರ ಕೊಡಿ.

ಮೊದಲ ಸಲ ಒಂದು ಚುಕ್ಕಿ, ನಾಲ್ಕು ಉದ್ಗಾರ ಚಿಹ್ನೆ ಬಂದು 80 ಪರ್ಸೆಂಟ್ ಎಂದು ತೋರಿಸಿದರೆ ಗಾಬರಿ ಬೇಡ. ಎಆರ್‌ಪಿ ಉತ್ತರ ಬರುವಷ್ಟರಲ್ಲಿ ಮೊದಲ ಪ್ಯಾಕೆಟ್ ಬಿದ್ದಿರುತ್ತದೆ. ಎರಡನೇ ಸಲ 100 ಬರಬೇಕು.

ಯಾದಗಿರಿ_ಕೇಬಲ್
ನೆಕ್ಸ್ಟ್ ಹಾಪ್ ಬದಲಿ ಇಂಟರ್‌ಫೇಸ್ ಹೆಸರು ಕೊಟ್ರ? 'ಗಿಗಾಬಿಟ್‌ಈಥರ್ನೆಟ್0/1' ಅಂತ.

ಲ್ಯಾಬ್_ಬೆಂಚು (ಬೀದರ್)
ಸೀರಿಯಲ್ ಲಿಂಕಿಗೆ ಸರಿ, ಆಚೆ ಇರುವವರು ಒಬ್ಬರೇ. ಈಥರ್ನೆಟ್‌ನಲ್ಲಿ ಬೇಡ. ಆಗ ರೂಟರ್ ಪ್ರತಿ ಗಮ್ಯ ವಿಳಾಸಕ್ಕೂ ಎಆರ್‌ಪಿ ಕೇಳುತ್ತದೆ. ಆಚೆ ರೂಟರ್‌ನಲ್ಲಿ ಪ್ರಾಕ್ಸಿ ಎಆರ್‌ಪಿ ಆನ್ ಇದ್ದರೆ ಮಾತ್ರ ನಡೆಯುತ್ತದೆ. ಸಿಸ್ಕೋದಲ್ಲಿ ಅದು ಮೊದಲಿಂದಲೇ ಆನ್ ಇರುವುದರಿಂದ ಲ್ಯಾಬ್‌ನಲ್ಲಿ ತಪ್ಪು ಕಾಣುವುದಿಲ್ಲ. ಆಚೆ ಬೇರೆ ಕಂಪನಿಯ ಪೆಟ್ಟಿಗೆ ಬಂದ ದಿನ ನಿಲ್ಲುತ್ತದೆ. ಡೀಫಾಲ್ಟ್ ರೂಟನ್ನೇ ಹಾಗೆ ಬರೆದರೆ ಎಆರ್‌ಪಿ ಟೇಬಲ್ ತುಂಬಿ ರೂಟರ್ ಏದುಸಿರು ಬಿಡುತ್ತದೆ.

ಯಾದಗಿರಿ_ಕೇಬಲ್
ಮೈಕ್ರೋಟಿಕ್ ರೂಟರ್ ಇದ್ದವರಿಗೆ ಒಂದು ಮಾತು. ಅದ್ರಾಗ ಐಪಿ-ಫಾರ್ವರ್ಡ್ ಮೊದಲೇ ಯೆಸ್ ಇರ್ತದ, '/ಐಪಿ ಸೆಟ್ಟಿಂಗ್ಸ್ ಪ್ರಿಂಟ್' ಹೊಡದ್ರ ಕಾಣ್ತದ. ನಿಲ್ಲಸೋದು ಫೈರ್‌ವಾಲ್‌ದ ಫಾರ್ವರ್ಡ್ ಚೈನ್. ವ್ಯಾನ್ (ಇಂಟರ್ನೆಟ್ ಕಡೆಯ) ಲಿಸ್ಟಿನಾಗಿರೋ ಪೋರ್ಟಿಗೆ ಗೋಡೌನ್ ಲೈನ್ ಚುಚ್ಚಿದ್ರ ಆ ಕಡೆಯಿಂದ ಶುರು ಆಗೋ ಹೊಸ ಕನೆಕ್ಷನ್ ಎಲ್ಲಾ ಡ್ರಾಪ್. ಪೋರ್ಟ್ ಬ್ರಿಡ್ಜಿನಾಗ ಕೂತಿದ್ರ ಅದಕ್ಕ ಐಪಿ ಹಾಕಬ್ಯಾಡ್ರಿ, ಮೊದಲ ಬ್ರಿಡ್ಜಿನಿಂದ ತೆಗೀರಿ.

ವಾಡಿ_ಜಂಕ್ಷನ್
ಎರಡು ಬ್ರಾಂಚ್‌ದಾಗೂ 192.168.1.0/24 ಇದ್ರ ಏನ್ ಮಾಡಬೇಕ್ರಿ? ಎರಡೂ ಕಡೆ ಪೆಟ್ಟಿಗಿ ಕಂಪನಿಯಿಂದ ಹಂಗೇ ಬಂದಾವ.

ಸುರಪುರ_ಗುಡ್ಡ (ಯಾದಗಿರಿ ಜಿಲ್ಲೆ)
ಒಂದು ಕಡೆ ನಂಬರ್ ಬದಲಿಸಿ, ಬೇರೆ ದಾರಿ ಹುಡುಕಬೇಡಿ. ಪಿಸಿಗೆ 192.168.1.50 ತನ್ನದೇ ಸಬ್‌ನೆಟ್ ಅನಿಸಿದ ಮೇಲೆ ಅದು ಗೇಟ್‌ವೇಗೆ ಕೊಡುವುದೇ ಇಲ್ಲ. ಬ್ರಾಂಚ್‌ಗೊಂದು ಸಂಖ್ಯೆ ಕೊಡಿ: ಕಲಬುರಗಿ 10.32.1.0/24, ಸೇಡಂ 10.32.2.0/24, ಹೀಗೆ. 192.168.0 ಮತ್ತು 192.168.1 ಎರಡನ್ನೂ ಬಿಟ್ಟುಬಿಡಿ, ಹೊಸ ಪೆಟ್ಟಿಗೆ ಚುಚ್ಚಿದಾಗೆಲ್ಲ ಅವೇ ಡಿಕ್ಕಿ ಹೊಡೆಯುವುದು.

ದಾಲ್‌ಮಿಲ್_ಪಿಸಿ (ಕಲಬುರಗಿ)
ಕಾಟಾ ಪಿಸಿಗೆ ಇಂಟರ್ನೆಟ್ ಬೇಕಂತ ಮಾಲಕರು ಹೇಳ್ಲಿಕತ್ತಾರ. ಈಗ ಅದಕ್ಕ ಇಂಟರ್ನೆಟ್ ಬರಲ್ಲ. ತೊಗರಿ ಸೀಸನ್, ಹಗಲಿ ಕಾಟಾ ನಿಲ್ಲಸಾಕ ಆಗಲ್ಲ.

ಫರ್ಸಿ_ಕಲ್ಲು (ಶಹಾಬಾದ್)
ಲಾರಿ ಎಲ್ಲಾ ಖಾಲಿ ಆದ ಮ್ಯಾಲ ರಾತ್ರಿ ಮಾಡ್ರಿ. ಮೊದಲ ಯುಎಫ್‌ಡಬ್ಲ್ಯೂ ಒಳಗ 192.168.20.10ರಿಂದ ಈಥ್0 ಕಡೆ ಹೋಗಾಕ ಒಂದು ರೂಟ್ ಅಲೋ ಬೇಕು, ಪಿಸಿ ಒಂದಕ್ಕೇ. ಆಮ್ಯಾಲ 192.168.1.1 ರೂಟರ್‌ದಾಗ 192.168.20.0/24ಕ್ಕ 192.168.1.2 ಅಂತ ಸ್ಟ್ಯಾಟಿಕ್ ರೂಟ್. ಅದಿಲ್ದಿದ್ರ ಇಂಟರ್ನೆಟ್‌ದಿಂದ ಬಂದ ಉತ್ತರ ಆ ರೂಟರ್‌ದಾಗೇ ದಾರಿ ತಪ್ತದ.

ಸುರಪುರ_ಗುಡ್ಡ (ಯಾದಗಿರಿ ಜಿಲ್ಲೆ)
ಕೆಲವು ಸಣ್ಣ ರೂಟರ್‌ಗಳು ತಮ್ಮ ಲ್ಯಾನ್ ಸಬ್‌ನೆಟ್ಟಿಗೆ ಮಾತ್ರ ನ್ಯಾಟ್ ಮಾಡುತ್ತವೆ. ಸ್ಟ್ಯಾಟಿಕ್ ರೂಟ್ ಹಾಕಿದರೂ ಇಂಟರ್ನೆಟ್ ಬರದಿದ್ದರೆ ಅದೇ ಕಾರಣ. ಆಗ ಮಿನಿ ಪಿಸಿಯಲ್ಲಿ ಈಥ್0ಯಿಂದ ಹೊರಡುವ, ಆದರೆ 192.168.1.0/24ಕ್ಕೆ ಹೋಗದ ಪ್ಯಾಕೆಟ್‌ಗೆ ಮಾತ್ರ ಮಾಸ್ಕರೇಡ್ ಹಾಕಿ. ಆಫೀಸು ಮತ್ತು ಗೋಡೌನ್ ನಡುವಿನ ಓಡಾಟ ನ್ಯಾಟ್ ಇಲ್ಲದೆ ಹಾಗೇ ಉಳಿಯುತ್ತದೆ. @ಯಾದಗಿರಿ_ಕೇಬಲ್ ಅವರ ಮಾಸ್ಕರೇಡ್‌ಗೆ ಇದು ತಕ್ಕ ಜಾಗ.

ಯಾದಗಿರಿ_ಕೇಬಲ್
ಈಗ ಒಪ್ಪಿದ್ರಿ ನೋಡ್ರಿ. ಇನ್ನೊಂದು, ಮಿನಿ ಪಿಸಿ ಬಯಾಸ್‌ದಾಗ 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಪವರ್ ಆನ್ ಮಾಡ್ರಿ. ಇನ್ವರ್ಟರ್ ಬದಲಾಗೋ ಹೊತ್ತಿನಾಗ ಬಂದ್ ಆದ್ರ ತಾನೇ ಏಳಬೇಕು. ವೈರ್‌ಲೆಸ್ ರೇಡಿಯೋದ ಪಿಒಇ (ನೆಟ್‌ವರ್ಕ್ ಕೇಬಲ್‌ದಾಗೇ ಕರೆಂಟ್ ಕೊಡೋ) ಅಡಾಪ್ಟರ್ ಎರಡೂ ತುದಿದಾಗ ಇನ್ವರ್ಟರ್ ಲೈನಿಗೇ ಇರ್ಲಿ, ಒಂದು ತುದಿ ಸತ್ರೂ ಲಿಂಕ್ ಇಲ್ಲ. ಬ್ಯಾಸಗಿ ಬಿಸಲಿಗೆ ತಗಡಿನ ಶೆಡ್ಡಿನಾಗ ಫ್ಯಾನಿಲ್ಲದ ಪೆಟ್ಟಿಗಿ ಇಡಬ್ಯಾಡ್ರಿ, ಹೊರಗೇ 42 ಡಿಗ್ರಿ ಇರ್ತದ. ಆಫೀಸ್ ಒಳಗ ಇಡ್ರಿ, ಗೋಡೌನ್ ಕಡೆ ಬರೀ ಸ್ವಿಚ್ ಇರ್ಲಿ.

ಮಾಂಜ್ರಾ_ದಂಡೆ (ಭಾಲ್ಕಿ)
ಕ್ಯಾಮೆರಾ ಟ್ರಾಫಿಕ್ ಎಲ್ಲಾ ಮಿನಿ ಪಿಸಿ ಮೇಲೆ ಬಂದ್ರೆ ತಡೆಯುತ್ತಾ?

ಲ್ಯಾಬ್_ಬೆಂಚು (ಬೀದರ್)
ರೆಕಾರ್ಡಿಂಗ್ ಗೋಡೌನಿನ ಒಳಗೇ ಕ್ಯಾಮೆರಾದಿಂದ ಎನ್‌ವಿಆರ್‌ಗೆ ಹೋಗುತ್ತದೆ, ಒಂದೇ ಸಬ್‌ನೆಟ್, ರೂಟರ್ ದಾಟುವುದಿಲ್ಲ. ಆಫೀಸಿನಲ್ಲಿ ನೋಡುವಾಗ ಮಾತ್ರ ದಾಟುತ್ತದೆ. 8 ಕ್ಯಾಮೆರಾ, ತಲಾ 4 ಎಂಬಿಪಿಎಸ್ ಎಂದರೆ 32 ಎಂಬಿಪಿಎಸ್. ಮಿನಿ ಪಿಸಿಗೆ ಅದು ಲೆಕ್ಕಕ್ಕೇ ಇಲ್ಲ, ಮೊದಲು ಸುಸ್ತಾಗುವುದು ವೈರ್‌ಲೆಸ್ ಲಿಂಕ್. ಆಫೀಸಿನಿಂದ ನೋಡುವವರು ಸಬ್‌ಸ್ಟ್ರೀಮ್ ಆರಿಸಿಕೊಳ್ಳಲಿ.

ದಾಲ್‌ಮಿಲ್_ಪಿಸಿ (ಕಲಬುರಗಿ)
ಮಾಲಕರ ಲ್ಯಾಪ್‌ಟಾಪಿಗೂ ರೂಟ್ -ಪಿ ಹಾಕ್ಲಾ? ಅವರು ದಿನಾ ಮನಿಗೆ ಒಯ್ತಾರ.

ಸುರಪುರ_ಗುಡ್ಡ (ಯಾದಗಿರಿ ಜಿಲ್ಲೆ)
ಓಡಾಡುವ ಯಂತ್ರಕ್ಕೆ ಬೇಡ, ಐಪಿ ತಾನಾಗಿ ಹಂಚುವ ಡಿಎಚ್‌ಸಿಪಿಯಲ್ಲೇ ಕೊಡಿ. ಆಪ್ಷನ್ 121 ಇರುವುದು ಅದಕ್ಕೇ, 2002ರ ಆರ್‌ಎಫ್‌ಸಿ 3442. ಇಂಟರ್ನೆಟ್ ರೂಟರ್‌ನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ ಬಂದ್ ಮಾಡಿ, ಮಿನಿ ಪಿಸಿಯಲ್ಲಿ ಡಿಎನ್‌ಎಸ್‌ಮಾಸ್ಕ್ (ಡಿಎಚ್‌ಸಿಪಿ, ಡಿಎನ್‌ಎಸ್ ಕೊಡುವ ಸಾಫ್ಟ್‌ವೇರ್) ಹಾಕಿ:

ಡಿಎಚ್‌ಸಿಪಿ-ಆಪ್ಷನ್=121,192.168.20.0/24,192.168.1.2,0.0.0.0/0,192.168.1.1

ಕೊನೆಯ 0.0.0.0/0 ಜೋಡಿಯನ್ನು ಬಿಡಬೇಡಿ. 121 ಬಂದರೆ ಕ್ಲೈಂಟ್ ಮಾಮೂಲಿ ಗೇಟ್‌ವೇ ಆಪ್ಷನ್ 3 ಅನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬುದು ನಿಯಮ. ಆ ಜೋಡಿ ಇಲ್ಲದಿದ್ದರೆ ಗೋಡೌನ್ ಸಿಗುತ್ತದೆ, ಇಂಟರ್ನೆಟ್ ಹೋಗುತ್ತದೆ.

ದಾಲ್‌ಮಿಲ್_ಪಿಸಿ (ಕಲಬುರಗಿ)
ಡಿಎನ್‌ಎಸ್‌ಮಾಸ್ಕ್ ಈಥ್0 ಮ್ಯಾಲ ಮಾತ್ರ ಕೇಳಬೇಕಂದ್ರ?

ಫರ್ಸಿ_ಕಲ್ಲು (ಶಹಾಬಾದ್)
'ಇಂಟರ್‌ಫೇಸ್=ಈಥ್0' ಅಂತ ಒಂದು ಸಾಲು ಹಾಕ್ರಿ. ಮತ್ತ ಯುಎಫ್‌ಡಬ್ಲ್ಯೂದಾಗ ಈಥ್0 ಮ್ಯಾಲ ಯುಡಿಪಿ 67 ಇನ್‌ಪುಟ್ ಅಲೋ ಮಾಡ್ರಿ, ಇದು ಮಿನಿ ಪಿಸಿಗೇ ಬರೋ ಪ್ಯಾಕೆಟ್, ರೂಟ್ ಅಲೋ ಇದಕ್ಕ ನಡಿಯಲ್ಲ. ಡಿಎನ್‌ಎಸ್ ಸುದ್ದಾ ಅದೇ ಕೊಡೋದಿದ್ರ ಪೋರ್ಟ್ 53 ಯುಡಿಪಿ, ಟಿಸಿಪಿ ಎರಡೂ.